ಕೈಕೊಟ್ಟವರು

ವೇಳಾಪಟ್ಟಿಯಲ್ಲಿ ಮೇಷ್ಟರುಗಳ ಹೆಸರನ್ನು
ನಾನು ಪೆನ್ಸಿಲ್ಲಿನಲ್ಲೇ ಬರೆಯುವುದು.
ಹನ್ನೊಂದು ವರ್ಷದಲ್ಲಿ ಕಲಿತ ಬುದ್ಧಿ.
ಅಳಿಸಿ ಅಳಿಸಿ ಮೂರನೇ ತರಗತಿಯ ಚೌಕದಲ್ಲಿ
ಕಾಗದ ಎಷ್ಟು ತೆಳುವೆಂದರೆ, ಬೆಳಕಿಗೆ ಹಿಡಿದರೆ
ಆಚೆಯ ಬೆಟ್ಟ ಕಾಣುತ್ತದೆ.

ನಾರಿನ್ ಹೊಳೆ ಹೆಪ್ಪುಗಟ್ಟುವ ಊರು ನಮ್ಮದು.
ಕಿವಿ ಕೇಳದ ಅರವತ್ತೆರಡು ಮಕ್ಕಳು,
ಐದು ಕೋಣೆ, ಒಂದು ಬಾಯ್ಲರು.
ಬಿಷ್ಕೆಕ್‌ನಿಂದ ಬಸ್ಸು ಬರುವುದು ಶನಿವಾರ;
ಮೇಷ್ಟರು ಇಳಿಯುವುದೂ ಅದರಲ್ಲೇ,
ಹತ್ತುವುದೂ ಅದರಲ್ಲೇ.

ಒಬ್ಬ ಬಂದ, ಚಿನ್ನದ ಪದಕದವ.
ಕರಿಹಲಗೆಗೆ ಮುಖಮಾಡಿಕೊಂಡೇ ಪಾಠ ಹೇಳಿದ.
ಒಂದು ತಿಂಗಳು ಅವನ ಬೆನ್ನನ್ನೇ ಓದಿದ ಮಕ್ಕಳು
ಅವನಿಗಿಟ್ಟ ಹೆಸರು: ಕೋಟಿನ ಹೊಲಿಗೆ.
ಇನ್ನೊಬ್ಬಳು, ಕೂಗಿದರೆ ಕೇಳೀತೆಂದು ಕೂಗಿ ಕೂಗಿ
ಗಂಟಲು ಕಟ್ಟಿಸಿಕೊಂಡು
ಉಸಿರೆತ್ತದೆ ಹಿಂತಿರುಗಿದಳು.
ಮತ್ತೊಬ್ಬ ನಿಜಕ್ಕೂ ಒಳ್ಳೆಯವ, ಬೆರಳು ಚುರುಕು.
ಅವನನ್ನು ರಷ್ಯಾದ ಇಟ್ಟಿಗೆ ಕೆಲಸ ಕರೆಯಿತು,
ಮೂರು ಪಟ್ಟು ಸಂಬಳ. ಅವನನ್ನು ಬೈಯಲಾರೆ.
ಎಲ್ಲರೂ ಕೈಕೊಟ್ಟರು ಅನ್ನುತ್ತೇನೆ,
ಅಂದಮೇಲೆ ನಗು ಬರುತ್ತದೆ:
ಕೈಯನ್ನೇ ಅಲ್ಲವೇ ನಾನು ಕೇಳಿದ್ದು?

ಈಗ ಸಂದರ್ಶನ ಅಂಗಳದಲ್ಲಿ, ಜನವರಿಯಲ್ಲಿ.
ಪ್ರಮಾಣಪತ್ರ ಆಮೇಲೆ.
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ. ಒಂದು ಮಗುವನ್ನು
ಏನಾದರೂ ಕೇಳೆಂದು ಕಳಿಸುತ್ತೇನೆ.
ಮಗು ಕೈಗವಸು ಕಿತ್ತು ಕಂಕುಳಿಗೆ ಸಿಕ್ಕಿಸಿ ಕೇಳುತ್ತದೆ.
ಇಲ್ಲಿ ಮಾತಾಡುವುದೆಂದರೆ
ಚರ್ಮವನ್ನು ಗಾಳಿಗೆ ಒಡ್ಡುವುದು.
ಬಂದವರು ತಮ್ಮ ಕೈಗವಸು ತೆಗೆಯುತ್ತಾರೋ ಇಲ್ಲವೋ,
ಅಷ್ಟೇ ನಾನು ನೋಡುವುದು.

ನುರ್ಜಮಾಲ್ ತೆಗೆದಳು.
ಎಪ್ಪತ್ತೆರಡು ಗಂಟೆಯ ತರಬೇತಿ, ಮೊಹರು ಬಿದ್ದ ಕಾಗದ,
ಬರುತ್ತಿದ್ದದ್ದು ಬೆರಳಕ್ಷರ ಮಾತ್ರ.
ಎಂಟು ವರ್ಷದ ಎರ್ಮೆಕ್ ಕೇಳಿದ್ದು:
ನಿಮ್ಮ ಮನೆಯಲ್ಲಿ ಕುದುರೆ ಇದೆಯಾ?
ತಿಳಿಯಲಿಲ್ಲ. ಮತ್ತೊಮ್ಮೆ, ಅಂದಳು.
ಮೂರು ಸಲ ಮತ್ತೊಮ್ಮೆ ಅಂದಳು,
ಬೆರಳು ಕೆಂಪಾಗಿ, ಆಮೇಲೆ ಬಿಳಿಯಾಗಿ.
ನಾಲ್ಕನೆಯ ಸಲ, ಒಂದೊಂದೇ ಅಕ್ಷರ:
ಇತ್ತು. ಮಾರಿಬಿಟ್ಟೆವು.

ಉಳಿದ ತರಬೇತಿ ಬಾಯ್ಲರ್ ಮನೆಯಲ್ಲಿ.
ಕಲ್ಲಿದ್ದಲು ತುಂಬುವ ಸಪಾರ್ ಇದೇ ಶಾಲೆಯ ಹಳೆಯ ಹುಡುಗ,
ಹುಟ್ಟು ಕಿವುಡ. ಸಂಜೆ ಊಟವಾದ ಮೇಲೆ
ಮಸಿ ಮೆತ್ತಿದ ಕೈಯಲ್ಲಿ ಅವಳನ್ನು ತಿದ್ದುತ್ತಾನೆ:
ಹುಬ್ಬು ಏರದಿದ್ದರೆ ಅದು ಪ್ರಶ್ನೆಯಲ್ಲ,
ಭುಜದ ಹಿಂದಕ್ಕೆ ಹೋಗದಿದ್ದರೆ ನಿನ್ನೆಯಲ್ಲ.
ಇವನನ್ನೇ ಮೇಷ್ಟರಾಗಿ ನೇಮಿಸಿ ಎಂದು ಬರೆದಿದ್ದೆ.
ಉತ್ತರ ಬಂತು:
ಅಭ್ಯರ್ಥಿ ಶ್ರವಣ ತಪಾಸಣೆಯಲ್ಲಿ ಅನುತ್ತೀರ್ಣ.
ಆ ಕಾಗದವನ್ನು ಅವನೇ ಒಲೆಗೆ ಹಾಕಿದ.
ಚೆನ್ನಾಗಿ ಉರಿಯಿತು.

ಫೆಬ್ರವರಿಯಲ್ಲಿ ಕರೆಂಟು ಹೋಯಿತು, ಸಂಜೆಯ ಪಾಠದಲ್ಲಿ,
ಒಂದು ವಾಕ್ಯದ ನಟ್ಟನಡುವೆ.
ಕತ್ತಲಾದರೆ ನಮ್ಮ ಮಕ್ಕಳ ಭಾಷೆಯೂ ಆರುತ್ತದೆ.
ನಾನು ಮೇಣದಬತ್ತಿ ಹುಡುಕಿ ಓಡಿಬರುವಷ್ಟರಲ್ಲಿ
ನುರ್ಜಮಾಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ
ತನ್ನ ಕೈಗಳ ಮೇಲೆ ಬೆಳಕು ಬಿಟ್ಟುಕೊಂಡು
ಭಾಗಾಕಾರ ಮುಗಿಸುತ್ತಿದ್ದಳು.
ಬಾಯಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.
ಅಂದೇ ಮಕ್ಕಳು ಹೆಸರಿಟ್ಟರು:
ತುಟಿಯ ಬಳಿ ಮುಷ್ಟಿ, ಅದು ಫಕ್ಕನೆ ಬಿಚ್ಚುವುದು.

ತ್ಯಾಗ, ಸೇವೆ ಎಂದೆಲ್ಲ ವರದಿ ಬರೆಯಲು ಕೂತಿದ್ದೆ.
ಬಾಗಿಲಲ್ಲಿ ನಿಂತು ಅವಳೊಂದು ಚೀಟಿ ಕೊಟ್ಟಳು:
ಒಳಗಿನಿಂದ ಚಿಲಕವಿರುವ ಕೋಣೆ. ಐದನೇ ತಾರೀಖಿಗೆ ಸಂಬಳ.
ನನಗೆ ಕಲಿಸುವುದಕ್ಕೆ ಸಪಾರನಿಗೂ ಸಂಬಳ.
ವರ್ಷಕ್ಕೆರಡು ಸಲ ಅಮ್ಮನನ್ನು ನೋಡಲು ರಜೆ, ಬಸ್ಸಿನ ಖರ್ಚು.
ಟಾರ್ಚಿಗೆ ಬ್ಯಾಟರಿ, ನಾಲ್ಕು.
ತ್ಯಾಗವನ್ನು ಹೊಡೆದುಹಾಕಿ
ಚೀಟಿಯನ್ನೇ ಅಂಟಿಸಿ ಕಳಿಸಿದೆ.

ಬ್ಯಾಟರಿ ಮಂಜೂರಾಗಿದೆ. ಚಿಲಕ ನಾನೇ ಹಾಕಿಸಿದೆ.
ಉಳಿದದ್ದಕ್ಕೆ ಬರೆಯುತ್ತಲೇ ಇದ್ದೇನೆ.
ಇವತ್ತು ಶನಿವಾರ. ಅಂಗಡಿಯ ಮುಂದೆ
ಎಂಜಿನ್ ಆರಿಸದೆ ಬಸ್ಸು ನಿಂತಿದೆ.
ಕಿಟಕಿಯತ್ತ ನೋಡಬಾರದೆಂದು
ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೇನೆ.